ಎರಡು ಗ್ರಾಫಿಕ್ಸ್ ಕಾರ್ಡ್ ಹಾಕುವ ಮೊದಲು ಕರೆಂಟಿನ ದಾರಿ ನೋಡಿ

ಎನ್‌ವಿಡಿಯಾ ಕಂಪನಿಯ ಒಂದು ಆರ್‌ಟಿಎಕ್ಸ್ 3090 ಗ್ರಾಫಿಕ್ಸ್ ಕಾರ್ಡ್‌ನಲ್ಲಿ 24 ಜಿಬಿ ಮೆಮೊರಿ ಇರುತ್ತದೆ. 70 ಬಿಲಿಯನ್ ಪ್ಯಾರಾಮೀಟರ್‌ನ ಎಐ ಮಾಡೆಲ್ ಒಂದನ್ನು 4 ಬಿಟ್‌ಗೆ ಕುಗ್ಗಿಸಿದರೂ ಅದಕ್ಕೆ 40 ಜಿಬಿ ಆಸುಪಾಸು ಜಾಗ ಬೇಕು. ಹಾಗಾಗಿ ಮನೆಯಲ್ಲೇ ಮಾಡೆಲ್ ಓಡಿಸಲು ಹೊರಟವರು ಬೇಗನೆ ಎರಡನೇ ಕಾರ್ಡ್‌ನ ಯೋಚನೆಗೆ ಬರುತ್ತಾರೆ. ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಚಿತ್ರ ರೆಂಡರ್ ಮಾಡುವವರೂ ಅಷ್ಟೇ. ಗೇಮ್‌ಗಾಗಿ ಎರಡು ಕಾರ್ಡ್ ಜೋಡಿಸುವ ಕಾಲ ಮುಗಿದಿದೆ. ಆದರೆ ಈ ಎರಡು ಕೆಲಸಗಳಿಗೆ ಅದು ಈಗಲೂ ಒಳ್ಳೆಯ ದಾರಿ.

ಕಾರ್ಡ್ ಹುಡುಕಲು ಜನ ಬೆಂಗಳೂರಿನ ಎಸ್‌ಪಿ ರೋಡ್ ಸುತ್ತುತ್ತಾರೆ, ಸೆಕೆಂಡ್ ಹ್ಯಾಂಡ್ ಬೆಲೆ ಚೌಕಾಸಿ ಮಾಡುತ್ತಾರೆ, ಮೆಮೊರಿ ಪರೀಕ್ಷೆ ಮಾಡಿ ನೋಡುತ್ತಾರೆ. ಪವರ್ ವಿಷಯಕ್ಕೆ ಬಂದಾಗ ಕೇಳುವುದು ಒಂದೇ ಪ್ರಶ್ನೆ: "1000 ವ್ಯಾಟ್ ಎಸ್‌ಎಂಪಿಎಸ್ ಸಾಕಾ?" ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ ಕಡಿಮೆ ವೋಲ್ಟ್‌ಗೆ ಇಳಿಸಿ ಕೊಡುವ ಡಬ್ಬಿ. ಈ ಪ್ರಶ್ನೆಗೆ ಉತ್ತರ ಇದೆ, ಮುಂದೆ ಲೆಕ್ಕ ಹಾಕಿಯೇ ಹೇಳುತ್ತೇನೆ. ಆದರೆ ಡಬ್ಬಿಯ ಮೇಲೆ ಬೇಕಾದಷ್ಟು ವ್ಯಾಟ್ ಬರೆದಿದ್ದರೂ ಕನೆಕ್ಟರ್ ಕರಗಿದ್ದುಂಟು. ಗೋಡೆಯ ಸಾಕೆಟ್‌ನಿಂದ ಕಾರ್ಡ್‌ನ ಚಿಪ್‌ವರೆಗೆ ಕರೆಂಟ್ ಹಲವು ಜೋಡಣೆಗಳನ್ನು ದಾಟಿ ಬರುತ್ತದೆ. ಪ್ರತಿ ಜೋಡಣೆಗೂ ತನ್ನದೇ ಮಿತಿ ಇದೆ. ಇಡೀ ದಾರಿಯಲ್ಲಿ ಯಾವುದು ಬಡಕಲೋ, ನಿಮ್ಮ ಕಂಪ್ಯೂಟರ್‌ನ ನಿಜವಾದ ಮಿತಿ ಅದೇ.

12 ವೋಲ್ಟ್ ಅಂದರೆ ಜಾಸ್ತಿ ಆಂಪಿಯರ್

ಮನೆಯ 2000 ವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ 9 ಆಂಪಿಯರ್‌ಗಿಂತ ಕಡಿಮೆ ಎಳೆಯುತ್ತದೆ. ಎರಡು 3090 ಕಾರ್ಡ್‌ಗಳು ಸೇರಿ ಬಳಸುವುದು 700 ವ್ಯಾಟ್ ಮಾತ್ರ. ಆದರೆ ಅವು ನಡೆಯುವುದು 12 ವೋಲ್ಟ್‌ನಲ್ಲಿ. 700ನ್ನು 12ರಿಂದ ಭಾಗಿಸಿದರೆ 58 ಆಂಪಿಯರ್! ಗೀಸರ್‌ಗೆ ದಪ್ಪ ವೈರ್, ದೊಡ್ಡ ಪಿನ್ನಿನ ಪ್ಲಗ್ ಹಾಕುತ್ತೇವೆ. ಅದರ ಆರು ಪಟ್ಟಿಗಿಂತ ಜಾಸ್ತಿ ಕರೆಂಟ್ ಇಲ್ಲಿ ಸಣ್ಣ ಸಣ್ಣ ಪಿನ್‌ಗಳಲ್ಲಿ ಹಂಚಿಕೊಂಡು ಹೋಗಬೇಕು.

ಪಿನ್ ಎಷ್ಟು ಬಿಸಿಯಾಗುತ್ತದೆ ಎನ್ನುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಪಿನ್ ಸೇರುವ ಜಾಗದ ರೆಸಿಸ್ಟೆನ್ಸ್ 5 ಮಿಲಿಓಮ್ ಎಂದುಕೊಳ್ಳಿ. 4 ಆಂಪಿಯರ್ ಹರಿದರೆ ಅಲ್ಲಿ 0.08 ವ್ಯಾಟ್ ಬಿಸಿ ಹುಟ್ಟುತ್ತದೆ, ಗೊತ್ತೇ ಆಗುವುದಿಲ್ಲ. ಅದೇ ಪಿನ್‌ನಲ್ಲಿ 20 ಆಂಪಿಯರ್ ಹರಿದರೆ 2 ವ್ಯಾಟ್. ಗಾಳಿ ಆಡದ ಪ್ಲಾಸ್ಟಿಕ್ ಗೂಡಿನೊಳಗೆ ಅದು ತುಂಬಾ ಜಾಸ್ತಿ. ಪಿನ್ ಸಡಿಲವಾಗಿದ್ದರೆ ರೆಸಿಸ್ಟೆನ್ಸ್ ಕೂಡ ಏರುತ್ತದೆ, ಬಿಸಿಯಾದಷ್ಟೂ ಸಂಪರ್ಕ ಇನ್ನಷ್ಟು ಕೆಡುತ್ತದೆ. ಕನೆಕ್ಟರ್‌ಗಳು ಸುಡುವುದು ಹೀಗೇ.

ಎಸ್‌ಎಂಪಿಎಸ್ ಎಷ್ಟು ದೊಡ್ಡದಿರಬೇಕು

ಲೆಕ್ಕ ಕಷ್ಟದ್ದೇನಲ್ಲ. ಎರಡು 3090ಗೆ 350ರಂತೆ 700 ವ್ಯಾಟ್. ರೈಜನ್ 7 5800ಎಕ್ಸ್ ಪ್ರೊಸೆಸರ್ ಪೂರ್ತಿ ದುಡಿದಾಗ 142 ವ್ಯಾಟ್. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್‌ಗಳಿಗೆಲ್ಲ ಸೇರಿ 70 ವ್ಯಾಟ್ ಇಡಿ. ಒಟ್ಟು 912. ಇಂಟೆಲ್‌ನ ಐ9 14900ಕೆ ಥರದ ಪ್ರೊಸೆಸರ್ ಇದ್ದರೆ ಅದೊಂದೇ 253 ವ್ಯಾಟ್‌ವರೆಗೆ ಹೋಗುತ್ತದೆ, ಆಗ ಒಟ್ಟು 1000 ದಾಟುತ್ತದೆ.

912 ಬಂತು, 1000 ವ್ಯಾಟ್‌ನದ್ದು ಸಾಕಲ್ವಾ ಎಂದು ಅನಿಸುತ್ತದೆ. ಇಲ್ಲೇ ಇನ್ನೊಂದು ವಿಷಯ ಅಡ್ಡ ಬರುತ್ತದೆ. 350 ವ್ಯಾಟ್ ಎನ್ನುವುದು ಸರಾಸರಿ. ಚಿಪ್‌ಗೆ ಒಮ್ಮೆಲೇ ಕೆಲಸ ಬಿದ್ದಾಗ ಒಂದು ಮಿಲಿಸೆಕೆಂಡಿಗೂ ಕಡಿಮೆ ಹೊತ್ತು ಅದು 500 ವ್ಯಾಟ್ ದಾಟಿ ಎಳೆಯಬಲ್ಲದು. ಹಳ್ಳಿಯಲ್ಲಿ ಪಂಪ್‌ಸೆಟ್ ಶುರುವಾದ ಕ್ಷಣ ಮನೆಯ ಬಲ್ಬ್ ಮಂಕಾಗುತ್ತದಲ್ಲ, ಹಾಗೆಯೇ ಇದು. ಆ ಕ್ಷಣಕ್ಕೆ ಎಸ್‌ಎಂಪಿಎಸ್ ತಡೆದುಕೊಳ್ಳಬೇಕು. ತಡೆಯದಿದ್ದರೆ ಅದರ ರಕ್ಷಣಾ ಸರ್ಕ್ಯೂಟ್ ಎಲ್ಲವನ್ನೂ ಕತ್ತರಿಸುತ್ತದೆ. ಕಂಪ್ಯೂಟರ್ ಏನೂ ಹೇಳದೆ ಪಟ್ಟನೆ ಆಫ್ ಆಗುತ್ತದೆ. ಬ್ಲೂ ಸ್ಕ್ರೀನ್ ಇಲ್ಲ, ಲಾಗ್‌ನಲ್ಲಿ ಕಾರಣ ಇಲ್ಲ. ಸುಮ್ನೆ ರ‍್ಯಾಮ್ ಬದಲಾಯಿಸಿ, ವಿಂಡೋಸ್ ಮತ್ತೆ ಹಾಕಿ ಕಷ್ಟಪಡುವ ಮೊದಲು, ಕೆಲಸದ ಭಾರ ಬಿದ್ದಾಗ ಮಾತ್ರ ಹೀಗಾಗುತ್ತದೆಯೇ ನೋಡಿ. ಹೌದಾದರೆ ಮೊದಲ ಅನುಮಾನ ಪವರ್ ಮೇಲೆ.

ಈ ತೊಂದರೆಗೆಂದೇ 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮದಲ್ಲಿ ಹೊಸ ಷರತ್ತು ಸೇರಿತು. ಅದರ ಪ್ರಕಾರ ಎಸ್‌ಎಂಪಿಎಸ್ ತನ್ನ ಮೇಲೆ ಬರೆದ ವ್ಯಾಟ್‌ನ ಎರಡು ಪಟ್ಟು ಭಾರವನ್ನು 100 ಮೈಕ್ರೋಸೆಕೆಂಡ್ ಹೊತ್ತು ತಾಳಿಕೊಳ್ಳಬೇಕು. ಹೊಸದು ಕೊಳ್ಳುವವರು ಎಟಿಎಕ್ಸ್ 3.0 ಅಥವಾ 3.1 ಎಂದು ಬರೆದಿರುವುದನ್ನೇ ಕೊಳ್ಳಿ. ಹಳೆಯ ಎಸ್‌ಎಂಪಿಎಸ್ ಆದರೆ ಲೆಕ್ಕದ ಮೇಲೆ ಇನ್ನೂ 30 ಪರ್ಸೆಂಟ್ ಇಟ್ಟುಕೊಳ್ಳಿ.

ಎರಡು ಕಾರ್ಡ್‌ಗಳು ಒಟ್ಟಿಗೇ ಜಿಗಿಯುತ್ತವೆಯೇ ಎನ್ನುವುದು ನೀವು ಓಡಿಸುವ ಸಾಫ್ಟ್‌ವೇರ್ ಮೇಲೆ ನಿಂತಿದೆ. ಎಐ ಮಾಡೆಲ್ ಓಡಿಸುವ ಲಾಮಾ ಸಿಪಿಪಿ ಎಂಬ ಸಾಫ್ಟ್‌ವೇರ್ ಸಾಮಾನ್ಯವಾಗಿ ಮಾಡೆಲ್‌ನ ಪದರಗಳನ್ನು ಅರ್ಧರ್ಧ ಹಂಚುತ್ತದೆ. ಒಬ್ಬರೇ ಬಳಸುವಾಗ ಒಂದು ಕಾರ್ಡ್ ಕೆಲಸ ಮಾಡಿ ಮುಗಿಸಿದ ಮೇಲೆ ಇನ್ನೊಂದರ ಸರದಿ. ಆದ್ದರಿಂದ ಸರಾಸರಿ ಬಳಕೆ 700 ವ್ಯಾಟ್‌ನ ಹತ್ತಿರಕ್ಕೂ ಹೋಗುವುದಿಲ್ಲ. ಅದೇ ವಿಎಲ್‌ಎಲ್‌ಎಂ ಎಂಬ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ, ಪ್ರತಿ ಪದರದ ಕೆಲಸವನ್ನೂ ಎರಡು ಕಾರ್ಡ್‌ಗೆ ಹಂಚುವ ಟೆನ್ಸರ್ ಪ್ಯಾರಲಲ್ ಹಾಕಿದರೆ, ಅಥವಾ ಮಾಡೆಲ್‌ಗೆ ತರಬೇತಿ ಕೊಟ್ಟರೆ, ಎರಡೂ ಕಾರ್ಡ್ ಒಂದೇ ತಾಳಕ್ಕೆ ಹೆಜ್ಜೆ ಹಾಕುತ್ತವೆ. ಏರಿದಾಗ ಒಟ್ಟಿಗೇ ಏರುತ್ತವೆ. "ನನಗೆ 850 ವ್ಯಾಟ್‌ನಲ್ಲೇ ಚೆನ್ನಾಗಿ ನಡೀತಿದೆ" ಎನ್ನುವವರೂ "1000ದಲ್ಲೂ ಆಫ್ ಆಗ್ತಿದೆ" ಎನ್ನುವವರೂ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು.

ಕಾರ್ಡ್‌ಗಳನ್ನು ಕಂಪನಿ ಇಟ್ಟ ಮಿತಿಯಲ್ಲೇ ಓಡಿಸುವುದಾದರೆ 1200 ವ್ಯಾಟ್ ಅಥವಾ ಅದಕ್ಕೂ ದೊಡ್ಡದು ಬೇಕು. ಆ ಮಿತಿಯನ್ನು, ಅಂದರೆ ಪವರ್ ಲಿಮಿಟ್ ಅನ್ನು, ಇಳಿಸುವುದಾದರೆ ಒಳ್ಳೆಯ 1000 ವ್ಯಾಟ್ ಸಾಕು. ನನ್ನ ಒಲವು ಎರಡನೆಯದಕ್ಕೆ. 3090ಯನ್ನು 350ರಿಂದ 280 ವ್ಯಾಟ್‌ಗೆ ಇಳಿಸಿದರೆ ಪವರ್ 20 ಪರ್ಸೆಂಟ್ ಕಡಿಮೆಯಾಗುತ್ತದೆ, ವೇಗ ಮಾತ್ರ ಅಷ್ಟು ಇಳಿಯುವುದಿಲ್ಲ. ಎಐ ಮಾಡೆಲ್ ಉತ್ತರ ಬರೆಯುವಾಗ ಅಡ್ಡಿಯಾಗುವುದು ಹೆಚ್ಚಾಗಿ ಮೆಮೊರಿಯ ವೇಗ, ಚಿಪ್‌ನ ಲೆಕ್ಕ ಮಾಡುವ ಶಕ್ತಿಯಲ್ಲ. ಮಿತಿ ಇಳಿಸಿದಾಗ ಸೊರಗುವುದು ಆ ಎರಡನೆಯದೇ. ಎನ್‌ವಿಡಿಯಾದ ಎಸ್‌ಎಂಐ ಎಂಬ ಕಮಾಂಡ್‌ನಲ್ಲಿ ಇದನ್ನು ಒಂದೇ ಸಾಲಿನಲ್ಲಿ ಮಾಡಬಹುದು. ಆದರೆ ರೀಸ್ಟಾರ್ಟ್ ಆದರೆ ಮಿತಿ ಮತ್ತೆ 350ಕ್ಕೆ ಹಾರುತ್ತದೆ. ಹಾಗಾಗಿ ಕಂಪ್ಯೂಟರ್ ಏಳುವಾಗಲೇ ಆ ಕಮಾಂಡ್ ಓಡುವ ಹಾಗೆ ಇಟ್ಟುಬಿಡಿ. ಇನ್ನೊಂದು ಮಾತು. ಪವರ್ ಲಿಮಿಟ್ ಸರಾಸರಿಯನ್ನು ಕಾಯುತ್ತದೆ, ಕ್ಷಣದ ಜಿಗಿತವನ್ನು ಪೂರ್ತಿ ತಡೆಯುವುದಿಲ್ಲ. ಅದೇ ಕಮಾಂಡ್‌ನಲ್ಲಿ ಚಿಪ್‌ನ ಗರಿಷ್ಠ ಕ್ಲಾಕ್ ವೇಗವನ್ನೂ ಕಟ್ಟಿಹಾಕಬಹುದು. ಜಿಗಿತಕ್ಕೆ ಕಡಿವಾಣ ಹಾಕಲು ಅದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ.

ಕೇಬಲ್‌ಗಳು

ಕಾರ್ಡ್‌ಗೆ ಬರುವ 6 ಪಿನ್ ಕನೆಕ್ಟರ್‌ಗೆ 75 ವ್ಯಾಟ್, 8 ಪಿನ್‌ಗೆ 150 ವ್ಯಾಟ್ ಮಿತಿ. 8 ಪಿನ್‌ನಲ್ಲಿ 12 ವೋಲ್ಟ್ ತರುವ ಪಿನ್‌ಗಳು ಮೂರು. 150 ವ್ಯಾಟ್ ಅಂದರೆ 12.5 ಆಂಪಿಯರ್, ಒಂದು ಪಿನ್‌ಗೆ ಸುಮಾರು 4.2. ಅಂಥ ಪಿನ್ ಒಂದೊಂದೂ 8 ಆಂಪಿಯರ್‌ನಷ್ಟು ತಾಳಬಲ್ಲದು. ಅಂದರೆ ಈ ಹಳೆಯ ಕನೆಕ್ಟರ್ ಬೇಕಾದದ್ದರ ಹತ್ತಿರ ಹತ್ತಿರ ಎರಡು ಪಟ್ಟು ತಾಳುತ್ತದೆ, 90 ಪರ್ಸೆಂಟ್‌ಗಿಂತ ಜಾಸ್ತಿ ಉಳಿಕೆ ಇದೆ. ಅದಕ್ಕೇ ಇಷ್ಟು ವರ್ಷ ಇದರ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳಲಿಲ್ಲ.

ಒಂದೇ ಕೇಬಲ್‌ನ ತುದಿಯಲ್ಲಿ ಎರಡು 8 ಪಿನ್ ಇರುವುದನ್ನು ನೋಡಿರುತ್ತೀರಿ. ಎರಡೂ ತುಂಬಿ ಎಳೆದರೆ 300 ವ್ಯಾಟ್. ಎಸ್‌ಎಂಪಿಎಸ್ ಕಡೆಯ ಆ ಒಂದೇ ಕನೆಕ್ಟರ್‌ನ ಮೂಲಕ 25 ಆಂಪಿಯರ್ ಬರಬೇಕಾಗುತ್ತದೆ, ಆ ಉಳಿಕೆ ಅಲ್ಲಿಗೇ ಖಾಲಿ. 170 ವ್ಯಾಟ್‌ನ ಆರ್‌ಟಿಎಕ್ಸ್ 3060ಗೆ ಇಂಥ ಕೇಬಲ್ ಪರವಾಗಿಲ್ಲ. 3090 ಥರದ ಕಾರ್ಡ್‌ಗೆ ಪ್ರತಿ ಸಾಕೆಟ್‌ಗೂ ಬೇರೆ ಬೇರೆ ಕೇಬಲ್ ಹಾಕಲೇಬೇಕು. ಮೂರು ಸಾಕೆಟ್ ಇರುವ ಎರಡು ಕಾರ್ಡ್ ಅಂದರೆ ಆರು ಕೇಬಲ್. ಅಷ್ಟು ಕೇಬಲ್ ಹಾಕಲು ಎಸ್‌ಎಂಪಿಎಸ್‌ನಲ್ಲಿ ಜಾಗ ಇದೆಯೇ ಎಂದು ಕೊಳ್ಳುವ ಮೊದಲೇ ಎಣಿಸಿಕೊಳ್ಳಿ. ವ್ಯಾಟ್ ಸಾಕಾಗಿಯೂ ಸಾಕೆಟ್ ಸಾಲದ ಎಸ್‌ಎಂಪಿಎಸ್‌ಗಳು ಬೇಕಾದಷ್ಟಿವೆ.

ಮಾಡ್ಯುಲರ್ ಕೇಬಲ್‌ಗಳ, ಅಂದರೆ ಎಸ್‌ಎಂಪಿಎಸ್‌ನಿಂದ ಬಿಚ್ಚಿ ತೆಗೆಯಬಹುದಾದ ಕೇಬಲ್‌ಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಕಾರ್ಡ್ ಕಡೆಯ ಪಿನ್ ಜೋಡಣೆಗೆ ನಿಯಮ ಇದೆ, ಎಸ್‌ಎಂಪಿಎಸ್ ಕಡೆಯದಕ್ಕೆ ಇಲ್ಲ. ಒಂದು ಕಂಪನಿಯ ಕೇಬಲ್ ಇನ್ನೊಂದರ ಡಬ್ಬಿಗೆ ಸಲೀಸಾಗಿ ಕೂರಬಹುದು, ಆದರೆ 12 ವೋಲ್ಟ್ ಬರಬೇಕಾದ ಕಡೆ ಗ್ರೌಂಡ್, ಅಂದರೆ ಕರೆಂಟ್ ಹಿಂತಿರುಗುವ ವೈರ್ ಬಂದಿರಬಹುದು. ಒಂದೇ ಕಂಪನಿಯ ಬೇರೆ ಮಾಡೆಲ್‌ಗಳಲ್ಲೂ ಈ ವ್ಯತ್ಯಾಸ ಇರುತ್ತದೆ. ಸೆಕೆಂಡ್ ಹ್ಯಾಂಡ್ ಎಸ್‌ಎಂಪಿಎಸ್ ತಂದು, ಡ್ರಾಯರ್‌ನಲ್ಲಿ ಬಿದ್ದಿದ್ದ ಹಳೆಯ ಕೇಬಲ್ ಸಿಕ್ಕಿಸಬೇಡಿ. ಪ್ರೊಸೆಸರ್‌ಗೆ ಹೋಗುವ 8 ಪಿನ್ ಕೂಡ ಕಾರ್ಡ್‌ನ 8 ಪಿನ್ ಥರವೇ ಕಾಣುತ್ತದೆ. ಆದರೆ ಅದರಲ್ಲಿ 12 ವೋಲ್ಟ್ ಮತ್ತು ಗ್ರೌಂಡ್ ಅದಲು ಬದಲಾಗಿವೆ. ಒತ್ತಿ ತುರುಕಿದರೆ ಕಾರ್ಡ್ ಹೋಯಿತು ಎಂದೇ ಅರ್ಥ.

ಈಗ ಹೊಸ 16 ಪಿನ್ ಕನೆಕ್ಟರ್. 2022ರ ಅಕ್ಟೋಬರ್‌ನಲ್ಲಿ 450 ವ್ಯಾಟ್‌ನ ಆರ್‌ಟಿಎಕ್ಸ್ 4090 ಬಂದ ಕೆಲವೇ ದಿನಗಳಲ್ಲಿ ಇದು ಕರಗಿದ ಫೋಟೋಗಳು ಬರತೊಡಗಿದವು. ಕನೆಕ್ಟರ್ ಪೂರ್ತಿ ಒಳಗೆ ಕೂರದಿದ್ದದ್ದು ಸಾಮಾನ್ಯ ಕಾರಣ ಎಂದು ಎನ್‌ವಿಡಿಯಾ ಹೇಳಿತು. ಆದರೆ ಲೆಕ್ಕ ನೋಡಿದರೆ ಇನ್ನೊಂದು ವಿಷಯವೂ ಕಾಣುತ್ತದೆ. ಇದಕ್ಕೆ 600 ವ್ಯಾಟ್‌ವರೆಗೆ ಅನುಮತಿ ಇದೆ, ಅಂದರೆ 50 ಆಂಪಿಯರ್. 12 ವೋಲ್ಟ್‌ನ ಪಿನ್‌ಗಳು ಆರು. ಒಂದಕ್ಕೆ 8.3 ಆಂಪಿಯರ್, ಪಿನ್‌ನ ಮಿತಿ 9.5. ಹಳೆಯದರಲ್ಲಿ 90 ಪರ್ಸೆಂಟ್ ದಾಟಿದ್ದ ಉಳಿಕೆ ಇಲ್ಲಿ 14 ಪರ್ಸೆಂಟ್‌ಗೆ ಇಳಿದಿದೆ. ಆರರಲ್ಲಿ ಎರಡು ಪಿನ್ ಸರಿಯಾಗಿ ತಾಗದಿದ್ದರೆ ಉಳಿದ ನಾಲ್ಕರ ಮೇಲೆ 12.5 ಆಂಪಿಯರ್‌ನಂತೆ ಬೀಳುತ್ತದೆ. ಬಹಳಷ್ಟು ಕಾರ್ಡ್‌ಗಳು ಆರೂ ಪಿನ್‌ಗಳನ್ನು ಒಳಗೆ ಒಂದೇ ಪಟ್ಟಿಗೆ ಸೇರಿಸಿಬಿಡುವುದರಿಂದ ಯಾವ ಪಿನ್‌ನಲ್ಲಿ ಎಷ್ಟು ಹರಿಯುತ್ತಿದೆ ಎಂಬುದು ಅವಕ್ಕೆ ತಿಳಿಯುವುದೇ ಇಲ್ಲ. ಎಟಿಎಕ್ಸ್ 3.1ರ ಜೊತೆ ಬಂದ 12ವಿ-2x6 ಎಂಬ ತಿದ್ದಿದ ರೂಪದಲ್ಲಿ ನಾಲ್ಕು ಸಣ್ಣ ಸೆನ್ಸ್ ಪಿನ್‌ಗಳನ್ನು ಗಿಡ್ಡ ಮಾಡಿದ್ದಾರೆ. ಕನೆಕ್ಟರ್ ಪೂರ್ತಿ ಕೂರದಿದ್ದರೆ ಅವು ತಾಗುವುದಿಲ್ಲ, ಕಾರ್ಡ್ ಪವರ್ ಎಳೆಯುವುದೂ ಇಲ್ಲ. ಒಳ್ಳೆಯ ತಿದ್ದುಪಡಿ. ಆದರೆ ಉಳಿಕೆ ಹೆಚ್ಚಾಗಿಲ್ಲ. 575 ವ್ಯಾಟ್‌ನ ಎರಡು ಆರ್‌ಟಿಎಕ್ಸ್ 5090 ಒಂದೇ ಪೆಟ್ಟಿಗೆಯಲ್ಲಿ ಹಾಕುವ ಯೋಚನೆ ಇದ್ದವರಿಗೆ ನನ್ನ ಮಾತು ಇಷ್ಟೇ: ಪವರ್ ಲಿಮಿಟ್ ಇಳಿಸಿಯೇ ಓಡಿಸಿ.

ಮದರ್‌ಬೋರ್ಡ್ ಕೂಡ ದಾರಿಯಲ್ಲೇ ಇದೆ

ಕಾರ್ಡ್ ತನ್ನ ಪವರ್‌ನ ಒಂದು ಪಾಲನ್ನು ಮದರ್‌ಬೋರ್ಡ್‌ನಲ್ಲಿ ತಾನು ಕೂರುವ ಸ್ಲಾಟ್‌ನಿಂದಲೂ ಪಡೆಯುತ್ತದೆ. ಮಿತಿ 75 ವ್ಯಾಟ್, ಅದರಲ್ಲಿ 12 ವೋಲ್ಟ್ ಪಾಲು 5.5 ಆಂಪಿಯರ್. ಇದು ಬರುವುದು ಮದರ್‌ಬೋರ್ಡ್‌ನ 24 ಪಿನ್ ಕನೆಕ್ಟರ್‌ನಿಂದ. ಅಷ್ಟು ದೊಡ್ಡ ಕನೆಕ್ಟರ್‌ನಲ್ಲಿ 12 ವೋಲ್ಟ್‌ಗೆ ಇರುವುದು ಎರಡೇ ಪಿನ್! ಎರಡು ಕಾರ್ಡ್ ಸೇರಿ 11 ಆಂಪಿಯರ್ ಎಳೆದರೆ ಒಂದು ಪಿನ್‌ಗೆ 5.5, ತೊಂದರೆ ಇಲ್ಲ. ನಾಲ್ಕು ಕಾರ್ಡ್ ಆದರೆ ಒಂದು ಪಿನ್‌ಗೆ 11 ಆಂಪಿಯರ್, ಮಿತಿ ದಾಟಿತು. ಅದಕ್ಕೇ ನಾಲ್ಕು ಕಾರ್ಡ್ ಕೂರುವ ವರ್ಕ್‌ಸ್ಟೇಷನ್ ಬೋರ್ಡ್‌ಗಳಲ್ಲಿ ಸ್ಲಾಟ್‌ಗಳಿಗೆಂದೇ ಇನ್ನೊಂದು ಪವರ್ ಕನೆಕ್ಟರ್ ಇರುತ್ತದೆ. ಅದನ್ನು ಖಾಲಿ ಬಿಡಬೇಡಿ. 2016ರಲ್ಲಿ ಎಎಂಡಿಯ ಆರ್‌ಎಕ್ಸ್ 480 ಸ್ಲಾಟ್‌ನಿಂದ ನಿಯಮಕ್ಕಿಂತ ಜಾಸ್ತಿ ಎಳೆಯುತ್ತಿದೆ ಎಂದು ತಿಳಿದಾಗ, ಕಂಪನಿ ಡ್ರೈವರ್ ಬದಲಿಸಿ ಆ ಭಾರವನ್ನು ಇಳಿಸಬೇಕಾಯಿತು.

ಎರಡು ದಪ್ಪ ಕಾರ್ಡ್ ಅಕ್ಕಪಕ್ಕ ಕೂರದೆ ಇದ್ದಾಗ, ಕಾರ್ಡನ್ನು ದೂರದಲ್ಲಿಟ್ಟು ಸ್ಲಾಟ್‌ಗೆ ಜೋಡಿಸುವ ರೈಸರ್ ಬಳಸುತ್ತೇವೆ. ಪಟ್ಟಿಯಂಥ ಉದ್ದ ರೈಸರ್ ಸ್ಲಾಟ್‌ನ ಪವರ್ ಅನ್ನೇ ಮುಂದಕ್ಕೆ ಸಾಗಿಸುತ್ತದೆ. ಇಥೀರಿಯಂ ಥರದ ಕ್ರಿಪ್ಟೋ ನಾಣ್ಯಗಳ ಮೈನಿಂಗ್ ಕಾಲದಿಂದ ಉಳಿದಿರುವ, ಯುಎಸ್‌ಬಿ ಕೇಬಲ್‌ನ ಚಿಕ್ಕ ರೈಸರ್‌ಗಳಿಗೆ ಬೇರೆಯಾಗಿ ಪವರ್ ಕೊಡಬೇಕು. ಅವುಗಳ ಜೊತೆ, ಡಿಸ್ಕ್‌ಗಳಿಗೆ ಪವರ್ ಕೊಡುವ ಸಾಟಾ ಕನೆಕ್ಟರ್‌ನ ಅಡಾಪ್ಟರ್ ಬಂದಿರುತ್ತದೆ. ಅದನ್ನು ಬಳಸಲೇಬೇಡಿ. ಸಾಟಾ ಪವರ್ ಕನೆಕ್ಟರ್ 12 ವೋಲ್ಟ್‌ನಲ್ಲಿ ಕೊಡಬಲ್ಲದ್ದು 4.5 ಆಂಪಿಯರ್, ಅಂದರೆ 54 ವ್ಯಾಟ್. ಸ್ಲಾಟ್ ಮಾತ್ರ 75ರವರೆಗೆ ಕೇಳಬಹುದು. ಮೈನಿಂಗ್ ಮಾಡುವವರ ಮನೆಗಳಲ್ಲಿ ಸುಟ್ಟ ರೈಸರ್‌ಗಳಿಗೆ ಇದು ದೊಡ್ಡ ಕಾರಣವಾಗಿತ್ತು. 6 ಪಿನ್ ಕೇಬಲ್ ಹಾಕುವ ರೈಸರ್ ತೆಗೆದುಕೊಳ್ಳಿ.

ಎರಡು ಎಸ್‌ಎಂಪಿಎಸ್ ಸೇರಿಸಿದರೆ?

ಮನೆಯಲ್ಲಿ ಹಳೆಯ 650 ವ್ಯಾಟ್ ಇದ್ದರೆ ಇನ್ನೊಂದು ಸೇರಿಸಿ ನಡೆಸೋಣ ಅನಿಸುವುದು ಸಹಜ. ಆಗುತ್ತದೆ, ಆದರೆ ಶಿಸ್ತು ಬೇಕು. ಎರಡೂ ಒಟ್ಟಿಗೆ ಆನ್ ಆಗಬೇಕು. ಅದಕ್ಕೆಂದೇ ಸಣ್ಣ ಬೋರ್ಡ್ ಸಿಗುತ್ತದೆ. ಮೊದಲ ಎಸ್‌ಎಂಪಿಎಸ್ ಎದ್ದಾಗ ಅದು ಎರಡನೆಯದರ ಹಸಿರು ವೈರನ್ನು ಗ್ರೌಂಡ್‌ಗೆ ಸೇರಿಸಿ ಎಬ್ಬಿಸುತ್ತದೆ. ಎರಡರ ಗ್ರೌಂಡ್ ಸೇರಿರಬೇಕು, ಎರಡರ 12 ವೋಲ್ಟ್ ಮಾತ್ರ ಎಲ್ಲೂ ನೇರವಾಗಿ ಸೇರಬಾರದು. ಒಂದು 12.1 ಇನ್ನೊಂದು 11.9 ಇದ್ದರೆ ಕರೆಂಟ್ ಒಂದರಿಂದ ಇನ್ನೊಂದಕ್ಕೆ ನುಗ್ಗುತ್ತದೆ.

ಒಂದು ಕಾರ್ಡ್‌ಗೆ ಸಂಬಂಧಪಟ್ಟ ಎಲ್ಲ ಪವರ್ ಒಂದೇ ಎಸ್‌ಎಂಪಿಎಸ್‌ನಿಂದ ಬರುವಂತೆ ಮಾಡುವುದು ಸುರಕ್ಷಿತ. ಸ್ಲಾಟ್ ಮದರ್‌ಬೋರ್ಡ್‌ನದ್ದಾದ್ದರಿಂದ ಎರಡನೇ ಎಸ್‌ಎಂಪಿಎಸ್‌ನ ಕಾರ್ಡ್‌ಗೆ ಪವರ್ ಇರುವ ರೈಸರ್ ಬೇಕಾಗುತ್ತದೆ, ಆ ರೈಸರ್‌ಗೂ ಎರಡನೆಯದರಿಂದಲೇ ಕೇಬಲ್. ಎರಡೂ ಎಸ್‌ಎಂಪಿಎಸ್ ಒಂದೇ ಸರ್ಕ್ಯೂಟ್‌ನ, ಒಂದೇ ಅರ್ತಿಂಗ್ ಇರುವ ಸಾಕೆಟ್‌ಗಳಲ್ಲಿ ಇರಲಿ. ಇಷ್ಟೆಲ್ಲ ಓದಿದ ಮೇಲೆ ಒಂದೇ ದೊಡ್ಡದನ್ನು ಕೊಳ್ಳುವುದು ಒಳ್ಳೆಯದು ಅನಿಸಿದರೆ, ನನಗೂ ಹಾಗೇ ಅನಿಸುತ್ತದೆ.

ಗೋಡೆಯಿಂದ ಎಸ್‌ಎಂಪಿಎಸ್‌ವರೆಗೆ

230 ವೋಲ್ಟ್ ಇರುವುದು ನಮಗೆ ಅನುಕೂಲ. ಅಮೆರಿಕದಲ್ಲಿರುವ ಕನ್ನಡಿಗರಿಗೆ 120 ವೋಲ್ಟ್‌ನ 15 ಆಂಪಿಯರ್ ಸರ್ಕ್ಯೂಟ್‌ನಲ್ಲಿ ನಿರಂತರವಾಗಿ ಬಳಸಲು ಸಿಗುವುದು 1440 ವ್ಯಾಟ್. ಇಲ್ಲಿ 16 ಆಂಪಿಯರ್ ಸಾಕೆಟ್ 3680 ವ್ಯಾಟ್ ಕೊಡುತ್ತದೆ. ಆದರೆ ಕಂಪ್ಯೂಟರ್ ಟೇಬಲ್ ಪಕ್ಕ ಇರುವುದು ಹೆಚ್ಚಾಗಿ 6 ಆಂಪಿಯರ್‌ನ ಚಿಕ್ಕ ಸಾಕೆಟ್. ಅದರ ಮಿತಿ 1380 ವ್ಯಾಟ್. ಎಸ್‌ಎಂಪಿಎಸ್ 1000 ವ್ಯಾಟ್ ಕೊಡುವಾಗ, 90 ಪರ್ಸೆಂಟ್ ದಕ್ಷತೆ ಇದ್ದರೆ, ಗೋಡೆಯಿಂದ 1111 ವ್ಯಾಟ್ ಎಳೆಯುತ್ತದೆ. 230 ವೋಲ್ಟ್‌ನಲ್ಲಿ ಅದು 4.8 ಆಂಪಿಯರ್. ಸಂಜೆ ಹೊತ್ತು ವೋಲ್ಟೇಜ್ 180ಕ್ಕೆ ಇಳಿಯುವ ಊರಾದರೆ ಎಸ್‌ಎಂಪಿಎಸ್ ಸುಮ್ಮನಿರುವುದಿಲ್ಲ, ಅಷ್ಟೇ ವ್ಯಾಟ್‌ಗಾಗಿ 6.2 ಆಂಪಿಯರ್ ಎಳೆಯುತ್ತದೆ. ಸಾಕೆಟ್‌ನ ಮಿತಿ ಅಲ್ಲಿಗೆ ದಾಟಿತು. ಅದೇ ಬೋರ್ಡ್‌ಗೆ ಮಾನಿಟರ್, ಪ್ರಿಂಟರ್ ಕೂಡ ಸಿಕ್ಕಿಸಿದ್ದರೆ ಹೇಳುವುದೇ ಬೇಡ.

ಆದ್ದರಿಂದ ಎರಡು ಕಾರ್ಡ್‌ನ ಯಂತ್ರಕ್ಕೆ 16 ಆಂಪಿಯರ್‌ನ ಒಂದು ಸಾಕೆಟ್, 2.5 ಚದರ ಮಿಲಿಮೀಟರ್ ತಾಮ್ರದ ವೈರ್, ಅದಕ್ಕೇ ಬೇರೆ ಎಂಸಿಬಿ ಹಾಕಿಸಿ. ಎಲೆಕ್ಟ್ರಿಷಿಯನ್‌ಗೆ ಇದು ಅರ್ಧ ದಿನದ ಕೆಲಸ. ಅವರು ಬಂದಾಗಲೇ ಅರ್ತಿಂಗ್ ಅಳೆಯಲು ಹೇಳಿ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಎನ್ನುತ್ತದೆ ಎಂದು ಹಲವರು ಹೇಳುತ್ತಾರೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳ ಸಣ್ಣ ಸೋರಿಕೆಗೆ ಭೂಮಿಗೆ ಹೋಗುವ ದಾರಿ ಸಿಗದಿದ್ದಾಗ ಹಾಗಾಗುತ್ತದೆ. ನಿಮ್ಮ ಸಾಕೆಟ್‌ನ ಅರ್ತ್ ಕೆಲಸ ಮಾಡುತ್ತಿಲ್ಲ ಎಂದು ಅದರ ಅರ್ಥ.

ಯುಪಿಎಸ್ ಬಗ್ಗೆ ಸ್ವಲ್ಪ. ಅಂಗಡಿಯ ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್ ಮಾತ್ರ. ಅದಕ್ಕೆ ಈ ಯಂತ್ರ ಜೋಡಿಸಬೇಡಿ. ಮನೆಯ ಇನ್ವರ್ಟರ್ ಮೇಲೆ ಓಡಿಸುವುದಾದರೆ ಅದು ಪ್ಯೂರ್ ಸೈನ್ ವೇವ್ ಆಗಿರಬೇಕು, ಯುಪಿಎಸ್ ಮೋಡ್‌ನಲ್ಲಿರಬೇಕು. ಎಸ್‌ಎಂಪಿಎಸ್ ತನ್ನೊಳಗಿನ ಕೆಪಾಸಿಟರ್‌ನಲ್ಲಿ ತಡೆದು ನಿಲ್ಲುವುದು ಹದಿನೈದು ಮಿಲಿಸೆಕೆಂಡ್ ಆಸುಪಾಸು. ಇನ್ವರ್ಟರ್ ಅಷ್ಟರೊಳಗೆ ಬದಲಾಗದಿದ್ದರೆ ಕಂಪ್ಯೂಟರ್ ಆಫ್.

ಬಿಲ್ ಲೆಕ್ಕವನ್ನೂ ಹಾಕಿಕೊಳ್ಳಿ. 850 ವ್ಯಾಟ್‌ನಂತೆ ದಿನಕ್ಕೆ ಆರು ಗಂಟೆ ಓಡಿಸಿದರೆ ತಿಂಗಳಿಗೆ 153 ಯೂನಿಟ್. ಏನೂ ಕೆಲಸವಿಲ್ಲದೆ 100 ವ್ಯಾಟ್ ಎಳೆಯುತ್ತಾ ಹಗಲು ರಾತ್ರಿ ಆನ್ ಇದ್ದರೂ 72 ಯೂನಿಟ್. ಕರ್ನಾಟಕದಲ್ಲಿ ಗೃಹಜ್ಯೋತಿ ಪಡೆಯುವ ಮನೆಗೆ ಇದು ಸಣ್ಣ ಮಾತಲ್ಲ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಕೆಲಸ ಇಲ್ಲದಾಗ ಸ್ಲೀಪ್‌ಗೆ ಹಾಕುವ ಅಭ್ಯಾಸ ಮಾಡಿಕೊಳ್ಳಿ.

ಜೋಡಿಸಿದ ಮೇಲೆ

ಮೊದಲ ದಿನವೇ ಎರಡೂ ಕಾರ್ಡ್‌ಗೆ ಪೂರ್ತಿ ಭಾರ ಹಾಕಬೇಡಿ. ಒಂದೇ ಕಾರ್ಡ್ ಹಾಕಿ ಅರ್ಧ ಗಂಟೆ ಓಡಿಸಿ, ಆಮೇಲೆ ಇನ್ನೊಂದನ್ನು ಮಾತ್ರ, ಕೊನೆಗೆ ಎರಡನ್ನೂ. ಪವರ್ ಲಿಮಿಟ್ ಅನ್ನು 200 ವ್ಯಾಟ್‌ನಿಂದ ಶುರು ಮಾಡಿ ನಿಧಾನವಾಗಿ ಏರಿಸಿ. ಗೋಡೆಯ ಪ್ಲಗ್‌ಗೆ ಹಾಕುವ ವ್ಯಾಟ್ ಮೀಟರ್ ಒಂದಿದ್ದರೆ ನಿಮ್ಮ ಲೆಕ್ಕ ಸರಿಯೇ ಎಂದು ಅಲ್ಲೇ ಗೊತ್ತಾಗುತ್ತದೆ. ಅರ್ಧ ಗಂಟೆ ಪೂರ್ತಿ ಭಾರದಲ್ಲಿ ಓಡಿದ ಮೇಲೆ ಕೇಬಲ್‌ಗಳನ್ನೂ ಗೋಡೆಯ ಪ್ಲಗ್‌ನ ಹೊರಮೈಯನ್ನೂ ಕೈಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲು ಆಗದಿದ್ದರೆ ಆಫ್ ಮಾಡಿ, ಆ ಜೋಡಣೆಯನ್ನು ಬಿಚ್ಚಿ ನೋಡಿ. ಒಂದು ಕೇಬಲ್ ಉಳಿದವುಗಳಿಗಿಂತ ಜಾಸ್ತಿ ಬಿಸಿ ಇದ್ದರೂ ಹಾಗೆಯೇ ಮಾಡಿ.

16 ಪಿನ್ ಕನೆಕ್ಟರ್ ಇದ್ದರೆ, ತಾಗುವ ಜಾಗದಿಂದ ಮೂರು ನಾಲ್ಕು ಸೆಂಟಿಮೀಟರ್‌ವರೆಗೆ ಕೇಬಲ್ ಬಾಗದೆ ನೇರ ಇರಲಿ. ಕ್ಯಾಬಿನೆಟ್‌ನ ಬಾಗಿಲು ಅದನ್ನು ಒತ್ತದಿರಲಿ. ಸಂಶಯ ಬಂದಾಗಲೆಲ್ಲ ಅದನ್ನು ಕಿತ್ತು ನೋಡಬೇಡಿ, ಏಕೆಂದರೆ ಅದನ್ನು ಹಾಕಿ ತೆಗೆಯಲು ನಿಯಮದಲ್ಲಿ ಇಟ್ಟಿರುವ ಮಿತಿ 30 ಸಲ. ಟಾರ್ಚ್ ಹಿಡಿದು, ಕನೆಕ್ಟರ್‌ಗೂ ಕಾರ್ಡ್‌ನ ಸಾಕೆಟ್‌ಗೂ ನಡುವೆ ಸಂದು ಇದೆಯೇ, ಪ್ಲಾಸ್ಟಿಕ್ ಬಣ್ಣ ಬದಲಾಗಿದೆಯೇ ಎಂದು ತಿಂಗಳಿಗೊಮ್ಮೆ ನೋಡಿದರೆ ಸಾಕು.